ಜಮಖಾನಿ ಮೇಲೆ ಕುಂತವರು

ನಮ್ಮ ಆಫೀಸಿನಲ್ಲಿ ನಗುವ ಸಂಗತಿ ನಡೆಯದ ವಾರವಿರಲಿಲ್ಲ. ಮೊದಲು ಸಂಜೆ ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಈಗ ಅಕಿ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಣ್ಣಿಗೇರಿಯ ಹತ್ತಿಬೀಜದ ಆಫೀಸು. ನಾನು ಸಿಪಾಯಿ. ಕಲಿತದ್ದು ನಾಲ್ಕನೆಯ ಇಯತ್ತೆ. ಎರಡು ಕಂಪ್ಯೂಟರ್ ಬಂದವು. ಒಂದು ಆಫೀಸಿಗೆ, ಒಂದು ಅಂಗಳದ ಆಚೆ ಗೋದಾಮಿಗೆ. ಆಫೀಸಿನದಕ್ಕೆ ಮೂರು ಪರದೆ: ಗುಮಾಸ್ತರಿಗೊಂದು, ಆಪರೇಟರಿಗೊಂದು, ಸಾಹೇಬರ ಕೋಣೆಗೊಂದು. ನಡುವೆ ವಾಯರು. ಮುಂಜಾನೆ ‘ಮೌಂಟ್’ ಹೊಡೆದರೆ ಗೋದಾಮಿನ ಫೈಲು ನಮ್ಮ ಕಡೆ ಕಾಣುತ್ತಿದ್ದವು. ಸಂಜೆ ‘ಯು-ಮೌಂಟ್’ ಹೊಡೆದು ಬಿಡಿಸಬೇಕು. ಆಮೇಲೆ ಗೋದಾಮಿನ ಮಷೀನು ಬಂದ್ ಮಾಡಬೇಕು. ಆಪರೇಟರ್ ಅಕ್ಕಾರು ಎರಡೂ ಸಾಲು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಅಕ್ಷರ ನೋಡಿ ನೋಡಿ ನಾನೇ ಹೊಡೆಯುತ್ತಿದ್ದೆ.

೧. ಮಾಯವಾದ ಪಟ್ಟಿ

ಗೋದಾಮಿನ ಫೈಲು ಬರುವ ಜಾಗದಲ್ಲೇ ಗುಮಾಸ್ತರು ತಮ್ಮ ರೈತರ ಪಟ್ಟಿ ಇಟ್ಟಿದ್ದರು. ನಾನು ಮೌಂಟ್ ಹೊಡೆದೆ. ಪಟ್ಟಿ ಮಾಯ.

“ಮೂರು ದಿನದ ಕೆಲಸ ನುಂಗಿಬಿಟ್ಟಿ ಅಲ್ಲಲೇ!” ಗುಮಾಸ್ತರು ಚೀರಿದರು.

ಅಕ್ಕಾರು ನಕ್ಕರು. “ಜಮಖಾನಿ ಹಾಸಿದ್ರ ಕೆಳಗಿನ ನೆಲ ಎಲ್ಲಿ ಹೋಗ್ತೈತ್ರಿ? ಸುತ್ತಿ ನೋಡೂಣು.”

ಯು-ಮೌಂಟ್ ಹೊಡೆದೆ. ಪಟ್ಟಿ ಇದ್ದಲ್ಲೇ ಇತ್ತು. ಅಷ್ಟರಲ್ಲಿ ಗುಮಾಸ್ತರು ಎದೆನೋವೆಂದು ರಜಾ ಅರ್ಜಿ ಬರೆದಿದ್ದರು. ಅದನ್ನು ಮಾತ್ರ ವಾಪಸು ತಗೊಳ್ಳಲಿಲ್ಲ.

೨. ದಾರಿ ಕಾಯುವ ಮಷೀನು

ಗೋದಾಮು ನೋಡುವ ಚಾಚಾ ದಿನಾ ನವಲಗುಂದದಿಂದ ಬರುವವರು. ಒಂದಿನ ಬಸ್ಸಿನ ಹೊತ್ತಾಯಿತೆಂದು, ನಾನು ಬಿಡಿಸುವ ಮೊದಲೇ ಅಲ್ಲಿನ ಮಷೀನು ಬಂದ್ ಮಾಡಿ ಹೋದರು. ನಮ್ಮದು ಗಪ್ಪಾಯಿತು. ಪರದೆ ನೋಡಿ ಅಕ್ಕಾರು ಹೇಳಿದರು, “ಆ ಕಡೆಯಿಂದ ಉತ್ತರ ಇಲ್ಲಂತ. ಇನ್ನೂ ಕೇಳಾಕತ್ತೈತಿ.”

ಮರುದಿನ ಚಾಚಾ ಬರುವವರೆಗೂ ಅದು ಕೇಳುತ್ತಲೇ ಇತ್ತು. ನನಗೇನೂ ಸಿಟ್ಟು ಬರಲಿಲ್ಲ. ನಾನೂ ಮನೆಯಲ್ಲಿ ಅಡುಗೆಮನೆ ಕಡೆ ನೋಡಿ “ಚಾ ಆತೇನ?” ಅನ್ನುತ್ತೇನೆ, ಇನ್ನೂ.

ಚಾಚಾ ಮಷೀನಿನ ಮುಂದೆ ನಿಂತು ಅಂದರು, “ಮದುವಿ ಆಗಿ ಮೂವತ್ತು ವರ್ಷ ಆತು. ನನ್ನ ಹೇಣ್ತಿ ಒಮ್ಮಿನೂ ಹಿಂಗ ದಾರಿ ಕಾಯ್ದಿಲ್ಲ ನೋಡ್ರಿ.”

ಸಾಹೇಬರು ನಗಲಿಲ್ಲ. “ಇನ್ನೊಮ್ಮೆ ಹಿಂಗಾದ್ರ ನಿನ್ನ ಗೇಟಿಗೆ ಹಾಕ್ತೀನಿ,” ಎಂದು ನನಗೇ ಹೇಳಿದರು. ಗೇಟಿನಲ್ಲಿ ದಿನವಿಡೀ ಒಬ್ಬನೇ ಕೂಡಬೇಕು. ಒಬ್ಬನೇ ಕೂಡುವುದು ನನಗೆ ಮನೆಯಲ್ಲೇ ಸಾಕಾಗಿತ್ತು.

೩. ಗೇಟಿಗೆ ಯಾರು?

ಒಂದು ಶನಿವಾರ ಯು-ಮೌಂಟ್ ಹೊಡೆದೆ. ‘ಬಿಜಿ’ ಎಂದು ಬಂತು. ಮತ್ತೆ ಹೊಡೆದೆ. ಬಿಜಿ.

“ಯಾರೋ ಗೋದಾಮಿನ ಫೈಲ್ ತಗದು ಹಂಗ ಬಿಟ್ಟಾರ,” ಅಂದರು ಅಕ್ಕಾರು. “ಜಮಖಾನಿ ಮ್ಯಾಲೆ ಕುಂತ್ರ ಸುತ್ತೂದು ಹೆಂಗ?”

ಸಾಹೇಬರು ಹೊರಗೆ ಬಂದರು. “ಯಾರಂವಾ? ಇವತ್ತ ಗೇಟಿಗೆ ಹಾಕ್ತೀನಿ ಅವನ್ನ!”

ಗುಮಾಸ್ತರ ಪರದೆ ನೋಡಿದೆವು. ಇಲ್ಲ. ಅಕ್ಕಾರದು. ಇಲ್ಲ. ಬಾಗಿಲಲ್ಲಿ ಚಾಚಾ, “ಬಸ್ ಹೋಗ್ತೈತ್ರೀ.” ಸಾಹೇಬರು ನನ್ನನ್ನೇ ನೋಡತೊಡಗಿದರು. ಅಕ್ಕಾರು ನಡುವೆ ಬಾಯಿ ಹಾಕಿದರು.

“ಸಾಹೇಬ್ರ, ನಿಮ್ಮ ಖೋಲಿ ಒಂದು ಉಳದೈತ್ರಿ.”

“ನಾ ಅದನ್ನ ಮುಟ್ಟೇ ಇಲ್ಲ. ಬಂದಾಗಿಂದ ಬಟ್ಟಿ ಮುಚ್ಚೇತಿ.”

ಅಕ್ಕಾರು ಬಟ್ಟೆ ಎತ್ತಿದರು. ಪರದೆ ತುಂಬ ಗೋದಾಮಿನ ಫೈಲು. ಕೀಲಿಗಳ ನಡುವೆ ಮಧ್ಯಾಹ್ನ ಸಾಹೇಬರು ತಿಂದ ಗಿರಮಿಟ್ಟಿನ ಚುರಮುರಿ.

ಸಾಹೇಬರು ಕೆಮ್ಮಿ, ನನ್ನ ಕಡೆ ತಿರುಗಿ, “ನೀ ಇಲ್ಲೇ ಇರು,” ಅಂದರು.

ಚಾಚಾ ಒಳಗೆ ಬಂದು ಸಾಹೇಬರ ಖುರ್ಚಿಗೆ ಕೈ ಹಾಕಿದರು. “ಹಂಗಾರ ಗೇಟಿಗೆ ಇದನ್ನ ಒಯ್ಲೇನ್ರಿ?”