ಬೆಲ್ಲದ ಗೋದಾಮಿನೊಳಗಿನ ಸ್ಕಾಟ್ಲೆಂಡ್

ನಮ್ಮ ಕಾಕಾ ದಿನಾ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಾರೆ. ನಾಷ್ಟಾ ಮುಗಿಸಿ ಹೊರಟರೆ ಊಟದ ಹೊತ್ತಿಗೆ ಮುಧೋಳದ ಮನೆಯಲ್ಲಿ ರೊಟ್ಟಿ ಮುರಿಯುತ್ತಿರುತ್ತಾರೆ. ಪಾಸ್‌ಪೋರ್ಟ್ ಇಲ್ಲ, ವೀಸಾ ಇಲ್ಲ, ಕಾಲಲ್ಲಿ ಚಪ್ಪಲಿಯೂ ಇಲ್ಲ! ನಂಬುವುದಿಲ್ಲವೆ? ಅವರ ಹಿತ್ತಲಿನ ಹಳೆಯ ಬೆಲ್ಲದ ಗೋದಾಮಿನ ಶಟರ್ ಎತ್ತಿ ನೋಡಿ.

ಆದದ್ದು ಹೀಗೆ. ಕಾಕಾನಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಕಬ್ಬು ಹೇರುವ ಟ್ರೇಲರಿಗೆ ಟೈರು ತರಲೆಂದು ಕೊಲ್ಲಾಪುರಕ್ಕೆ ಹೋದವರು, ಬಾಗಿಲು ಮುಚ್ಚಿದ ಯಾವುದೋ ಹೋಟೆಲಿನ ಸಾಮಾನು ಹರಾಜಾಗುತ್ತಿದ್ದಲ್ಲಿ ನಿಂತರು. ಟೈರು ಮರೆತರು. ಗಾಡಿ ತುಂಬ ಹೇರಿಕೊಂಡು ಬಂದದ್ದು ಗಾಲ್ಫ್ ಸಿಮ್ಯುಲೇಟರ್! ಗೋಡೆಯಗಲದ ಬಿಳಿ ಪರದೆ, ಪ್ರೊಜೆಕ್ಟರ್, ಕಂಪ್ಯೂಟರ್, ಹಸಿರು ಹುಲ್ಲಿನ ಚಾಪೆ, ಚೀಲ ತುಂಬ ಕೋಲು. ಲೋಕದ ದೊಡ್ಡ ದೊಡ್ಡ ಪಂದ್ಯಗಳು ನಡೆಯುವ ಮೈದಾನಗಳೆಲ್ಲ ಆ ಕಂಪ್ಯೂಟರಿನ ಹೊಟ್ಟೆಯಲ್ಲಿವೆ. ಅವುಗಳ ಹೆಸರು ಕಾಕಾನ ನಾಲಿಗೆಗೆ ಹತ್ತುವುದಿಲ್ಲ. ಹಾಗಾಗಿ ಅಮೆರಿಕದ್ದು ಹೂವಿನ ಮೈದಾನ, ಸ್ಕಾಟ್ಲೆಂಡಿನದು ಗಾಳಿ ಮೈದಾನ.

"ಟೈರ್ ಎಲ್ಲಿ ಅದಾವ್ರಿ?" ಎಂದು ಚಿಕ್ಕಮ್ಮ, ನಮ್ಮ ಕಾಕು, ಕೇಳಿದಳಂತೆ.

"ಟೈರ್ ನಾಳೆನೂ ಸಿಗತಾವ," ಅಂದರಂತೆ ಕಾಕಾ. ಹೌದಲ್ಲ, ಸ್ಕಾಟ್ಲೆಂಡು ನಾಳೆ ಸಿಗುತ್ತದೆಯೆ?

ಆಟ ಹೇಗೆಂದು ಮಾತ್ರ ಕೇಳಬೇಡಿ. ಕೋಲು ಎತ್ತಿದರೆಂದರೆ ಕಬ್ಬು ಕಡಿಯಲು ನಿಂತ ಹಾಗೆ ಕಾಣುತ್ತದೆ. ಚೆಂಡು ಧಡ್ ಎಂದು ಪರದೆಗೆ ಬಡಿದು ಅವರ ಕಾಲಬುಡಕ್ಕೇ ಬಂದು ಬೀಳುತ್ತದೆ. ಪರದೆಯೊಳಗಿನ ಇನ್ನೊಂದು ಚೆಂಡು ಹುಲ್ಲಿನ ಮೇಲೆ ಹಾರುತ್ತ ಹೋಗಿ ಕಾಣೆಯಾಗುತ್ತದೆ. ಹೊಡೆದ ಚೆಂಡು ಇಲ್ಲೇ ಇದೆ, ಆದರೂ ಏನೋ ಒಂದು ಅಲ್ಲಿಗೆ ಹೋಯಿತು! ನೋಡಿದ ಮೊದಲ ಸಲವೇ ನನಗದು ಅಷ್ಟು ಸರಿ ಬರಲಿಲ್ಲ. ಚಾಪೆ ಹತ್ತುವಾಗ ಕಾಕಾ ಚಪ್ಪಲಿ ಬಿಡುತ್ತಾರೆ. ಅದು ಮಂದಿಯ ಹೊಲವಂತೆ, ಚಪ್ಪಲಿ ಹಾಕಿ ತುಳಿಯಬಾರದಂತೆ. ಮುಗಿಸಿ ಇಳಿಯುವಾಗ ಪರದೆಗೆ ಕೈ ಮುಗಿದು "ಬರ್ತೇನ್ರೀ" ಎನ್ನುತ್ತಾರೆ. ಯಾರಿಗೆ? ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ!

ಅವರ ಇನ್ನೊಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ. ಮುಧೋಳದ ನಾಯಿಯೆಂದರೆ ದೇಶಕ್ಕೆಲ್ಲ ಗೊತ್ತು. ಆ ಊರಲ್ಲಿದ್ದುಕೊಂಡು ಕಾಕಾ ನಾಯಿ ಸಾಕುವುದಿಲ್ಲ. ಲೋಕಾಪುರದ ಗೆಳೆಯರೊಬ್ಬರು ಪ್ರೀತಿಯಿಂದ ಒಂದು ಮರಿ ತಂದುಕೊಟ್ಟಿದ್ದರು. ಕಾಕಾ ಅವರಿಗೆ ಚಹಾ ಕುಡಿಸಿ, ಮರಿಗೆ ಹಾಲು ಕುಡಿಸಿ, ಇಬ್ಬರನ್ನೂ ಅದೇ ಮೋಟರ್‌ಸೈಕಲ್ಲಿನ ಮೇಲೆ ಕೂಡಿಸಿ ವಾಪಸು ಕಳಿಸಿದರು!

"ನಾಯಿ ಕಂಡ್ರ ಅಂಜಿಕಿ ಏನ್ರಿ ಕಾಕಾ?" ಎಂದು ನಾನು ಚೇಷ್ಟೆ ಮಾಡಿದೆ.

"ಹೂಂನಪಾ, ಅಂಜಿಕಿ," ಎಂದು ಎದ್ದು ಹೋದರು.

ಹೋದ ಬೇಸಿಗೆಯಲ್ಲಿ ಕಾಕು ಜಮಖಂಡಿಯಲ್ಲಿರುವ ನನಗೆ ಫೋನ್ ಮಾಡಿದಳು. ಯಾವಾಗಲೂ ಓಣಿಗೆಲ್ಲ ಕೇಳುವ ಧ್ವನಿ ಅವತ್ತು ಸಣ್ಣದಾಗಿತ್ತು.

"ನಿಮ್ಮ ಕಾಕಾ ಈಗೀಗ ಊಟಕ್ಕೂ ಬರವಲ್ರೋ ತಮ್ಮಾ. ಶಟರ್ ಹಾಕ್ಕೊಂಡು ಒಳಗ ಯಾರನ್ನೋ ಕರೀತಾರ. 'ಯಾರರ ಅದೀರೇನ್ರಿ' ಅಂತಾರ. ಶೀಟಿ ಹೊಡೀತಾರ. ಆಮ್ಯಾಲ ಸುಮ್ಮ ನಿಂತು ಕಿವಿ ಕೊಡತಾರ, ಯಾರೋ ಓ ಅಂದಂಗ!"

"ಆಟದ ಹುಚ್ಚು ಕಾಕು. ಬಿಡತೈತಿ."

"ಆಟ ಆಡಿದ್ರ ಆಡ್ಲಿ ಬಿಡು! ಚೆಂಡಿನ ಸಪ್ಪಳನ ಬರವಲ್ದು. ಅವರು ನಮ್ಮನ್ನ ಬಿಟ್ಟು ಎಲ್ಲಿಗೋ ಹೊಂಟಾರೋ. ನೀ ಬಂದು ಹೊರಗ ಕರಕೊಂಡ ಬಾ. ಇಲ್ಲಾಂದ್ರ ಆ ಮಷೀನರ ಈ ಮನ್ಯಾಗ ಇರಬೇಕು, ನಾನರ ಇರಬೇಕು. ತವರಮನಿಗೆ ಹೋಗಿಬಿಡ್ತೇನಿ."

ಕಾಕುವಿನ ತವರುಮನೆ ಅದೇ ಓಣಿಯ ಆ ತುದಿಗಿದೆ. ಆದರೂ ಆ ಮಾತನ್ನು ಆಕೆ ಹಿಂದೆಂದೂ ಆಡಿದವಳಲ್ಲ. ನಾನು ಬಸ್ಸು ಹತ್ತಿದೆ.

ಮುಟ್ಟಿದಾಗ ಮಟಮಟ ಮಧ್ಯಾಹ್ನ. ಓಣಿಯಲ್ಲಿ ಒಂದು ಕೋಳಿಯೂ ಇರಲಿಲ್ಲ. ಶಟರ್ ಅರ್ಧ ಎತ್ತಿ ಬಗ್ಗಿ ಒಳಹೊಕ್ಕೆ. ಕತ್ತಲು, ಹಳೆಯ ಬೆಲ್ಲದ ವಾಸನೆ, ಎದುರಿಗೆ ಸ್ಕಾಟ್ಲೆಂಡು. ಮೋಡ ಕವಿದ ಬೆಳಕಿನಲ್ಲಿ ಹುಲ್ಲೆಲ್ಲ ಒಂದೇ ಕಡೆ ಬಾಗುತ್ತಿತ್ತು. ದೂರದಲ್ಲಿ ಒಂದು ಕಲ್ಲಿನ ಮನೆ, ಅದರಾಚೆ ನೀರು. ಗಾಳಿಯ ಸಪ್ಪಳ ಕಿವಿ ತುಂಬ ಇತ್ತು. ಮೈಗೆ ಮಾತ್ರ ಗಾಳಿ ಹತ್ತುತ್ತಿರಲಿಲ್ಲ. ಕಾಕಾ ಬರಿಗಾಲಲ್ಲಿ ಚಾಪೆಯ ಮೇಲೆ ನಿಂತಿದ್ದರು. ಕೋಲು ಗೋಡೆಗೆ ಒರಗಿತ್ತು.

"ಚಪ್ಪಲಿ ಬಿಟ್ಟು ಬಾ," ಅಂದರು, ತಿರುಗಿ ನೋಡದೆ.

"ಹೊಡೀರಿ ಕಾಕಾ, ನಾನೂ ನೋಡ್ತೇನಿ."

"ಹೊಡೀಬಾರದು. ಸುಮ್ಮ ನಿಂತ್ರ ಅದು ತಾನ ಹೊಂಡತೈತಿ."

ಹೊರಟಿತು! ಸ್ವಲ್ಪ ಹೊತ್ತು ಯಾರೂ ಆಡದಿದ್ದರೆ ಮೈದಾನವನ್ನು ಸುತ್ತಿ ತೋರಿಸುವುದು ಆ ಯಂತ್ರದ ಕ್ರಮವೆಂದು ಆಮೇಲೆ ತಿಳಿಯಿತು. ಆಗ ನನಗೇನು ಗೊತ್ತು? ಚಿತ್ರ ತಾನಾಗಿಯೇ ಮುಂದೆ ಸರಿಯತೊಡಗಿತು. ಮೊಣಕಾಲೆತ್ತರದಲ್ಲಿ, ನೆಲ ಮೂಸುತ್ತ ಹೋದ ಹಾಗೆ, ಮರಳಿನ ಗುಂಡಿ ಬಳಸಿ, ಮುಳ್ಳುಪೊದೆ ದಾಟಿ, ಕಲ್ಲಿನ ಮನೆಯ ಹತ್ತಿರ ಬಂತು. ಬಾಗಿಲು ಮುಚ್ಚಿತ್ತು. ಕಿಟಕಿ ಬಂತು, ಒಳಗೆ ಕಪ್ಪು. ನಾವಿಬ್ಬರೂ ನಿಂತಲ್ಲೇ ನಿಂತಿದ್ದೆವು. ಹಾಗಾದರೆ ಅಲ್ಲಿ ನಡೆಯುತ್ತಿದ್ದವರು ಯಾರು? ಆ ಬಿಸಿಲಲ್ಲಿ ಬಂದ ನನ್ನ ಬೆನ್ನಿನ ಬೆವರು ತಣ್ಣಗಾಯಿತು.

"ಯಾರರ ಅದೀರೇನ್ರೀ?" ಕಾಕಾ ಕೂಗಿದರು. ಗೋದಾಮಿನ ತಗಡು ಅದೇ ಮಾತನ್ನು ನಮಗೆ ತಿರುಗಿಸಿ ಕೊಟ್ಟಿತು. ಆಮೇಲೆ ಎರಡು ಬೆರಳು ಬಾಯಿಗಿಟ್ಟು ಉದ್ದಕ್ಕೆ ಒಂದು ಶೀಟಿ. ಕಿವಿಗೊಟ್ಟು ನಿಂತರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ಕಿವಿಗೊಟ್ಟೆ.

"ಯಾರನ್ನ ಕರೀತೀರಿ ಕಾಕಾ?"

"ಚಂಪೀನ."

ಚಂಪಿ ಅವರು ಹರೆಯದಲ್ಲಿ ಸಾಕಿದ್ದ ನಾಯಿಯಂತೆ. ಬೀಳಗಿ ಕಡೆ, ಹೊಳೆಯ ದಂಡೆಗಿದ್ದ ನಮ್ಮ ಹಳೆಯ ಊರು ಕೃಷ್ಣೆಯ ಹಿನ್ನೀರಿಗೆ ಹೋಯಿತು. ನಾನಿನ್ನೂ ಹುಟ್ಟಿರಲಿಲ್ಲ. ಮನೆಯ ಸಾಮಾನು ಲಾರಿಗೆ ಹೇರಿದ ದಿನ ಚಂಪಿ ಮೊಲದ ಬೆನ್ನು ಹತ್ತಿ ಹೋಗಿತ್ತು. ಲಾರಿ ಅದಕ್ಕಾಗಿ ಕಾಯಲಿಲ್ಲ. ಮರುದಿನ ಕಾಕಾ ಸೈಕಲ್ ಹತ್ತಿ ಹೋದರು.

"ಮನಿ ಇದ್ವು, ಹುಲ್ಲ ಇತ್ತು, ಕೆಳಗಿನ ಓಣ್ಯಾಗ ನೀರ ಬಂದಿತ್ತು. ಮನಷ್ಯಾರ ಮಾತ್ರ ಇರಲಿಲ್ಲ. ಮನಿ ಮನಿ ಮುಂದ ನಿಂತು ಕರದೆ. ಒಮ್ಮೆ ಬೊಗಳಿದಂಗಾತು, ಎತ್ತಾಗಿಂದ ಅಂತ ತಿಳೀಲಿಲ್ಲ. ಹೊತ್ತು ಮುಣಗಿತು, ಅಂಜಿಕಿ ಬಂತು, ಬಂದಬಿಟ್ಟೆ. ಕೊಲ್ಲಾಪುರದಾಗ ಈ ಪರದೆ ಮ್ಯಾಲ ಇದ ಮನಿ ಇತ್ತಪಾ. ಹಿಂಗ ಸುತ್ತಾಕತ್ತಿತ್ತು. ನಾ ಅರ್ಧಕ್ಕ ಬಿಟ್ಟು ಬಂದದ್ದನ್ನ ಯಾರೋ ಇನ್ನೂ ಹುಡುಕಾಕತ್ತಾರ ಅನಿಸ್ತು."

ಅವರನ್ನು ಹೊರಗೆ ಕರೆದುಕೊಂಡು ಬರಲು ಬಂದವನು ನಾನು. ಏನಂತ ಕರೆಯಲಿ?

ಶಟರಿನ ಹತ್ತಿರ ಬಳೆ ಸಪ್ಪಳವಾಯಿತು. ಕಾಕು! ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಇಷ್ಟು ವರ್ಷ ಸಂಸಾರ ಮಾಡಿದರೂ ಈ ಮಾತು ಅವಳಿಗೂ ಹೊಸದೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಮಷೀನಿನ ಕಥೆ ಇವತ್ತಿಗೆ ಮುಗಿಯಿತು ಅಂದುಕೊಂಡೆ. ಪರದೆಯ ಮೇಲೆ ಮತ್ತೆ ಆ ಮನೆ, ಆ ಕಿಟಕಿ ಬಂದವು. ಕಾಕು ನೋಡುತ್ತ ನಿಂತಳು.

"ಯಾವ ಬಣ್ಣದ್ದಿತ್ರಿ?"

"ಕಂದು," ಅಂದರು ಕಾಕಾ. "ಎದಿ ಮಾತ್ರ ಬಿಳೀದು."

ಅವಳು ಮನೆಯೊಳಗೆ ಹೋದಳು. ಬರುವಾಗ ಕೈಯಲ್ಲೊಂದು ಬಟ್ಟಲಿತ್ತು. ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿ. ಚಪ್ಪಲಿ ಬಿಟ್ಟಳು, ಹುಲ್ಲಿನ ಚಾಪೆ ದಾಟಿದಳು, ಪರದೆಯ ಬುಡದಲ್ಲಿ ಬಟ್ಟಲಿಟ್ಟಳು, ಹಿಂದೆ ಸರಿದು ಗಂಡನ ಪಕ್ಕಕ್ಕೆ ನಿಂತಳು.

"ಹೂಂ, ಈಗ ಕರೀರಿ," ಅಂದಳು. "ಹಸದ ನಾಯಿ ಬರೇ ಶೀಟಿಗೆ ಎಲ್ಲಿ ಬರತೈತ್ರಿ?"