ಲೈನ್ ಅಂದ್ರೆ ಯಾವ ಲೈನು?

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತವರ ಬಾಯಿಂದ ‘ಲೈನ್’ ಅನ್ನೋ ಮಾತು ಬಿದ್ದರೆ ಸಾಕು, ಎಲ್ಲೋ ಒಂದು ಕಡೆ ಫಜೀತಿ ಶುರುವಾಯ್ತು ಅಂತಲೇ ಲೆಕ್ಕ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕರೆಗಳನ್ನೆಲ್ಲ ಜೋಡಿಸುತ್ತಿದ್ದ ಆಪರೇಟರ್ ನಾನು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ವೈರು, ಎದೆಯಲ್ಲಿ ಸದಾ ಡವಡವ.

ಪಾವಗಡದ ಅಜ್ಜ

ಮಗಳಿಗೆ ತುಮಕೂರಿನಲ್ಲಿ ಹೆರಿಗೆ ಕಷ್ಟವಾಗಿದೆ ಅಂತ ಪಾವಗಡದ ಕಡೆಯ ಅಜ್ಜ ಒಬ್ಬರು ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಹಾಕಿಸಿದ್ದರು. ಒಂದು ಗಂಟೆ ಒದ್ದಾಡಿ ಆಸ್ಪತ್ರೆ ಹಿಡಿದೆ. “ಅಜ್ಜಾ, ನರ್ಸಮ್ಮ ಬರ್ತಾರೆ, ಲೈನ್‌ನಲ್ಲೇ ಇರಿ” ಅಂದೆ.

ನರ್ಸಮ್ಮ ಬಂದರು. “ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ” ಅಂದರು. ಈ ಕಡೆಯಿಂದ ಉಸಿರೇ ಇಲ್ಲ. ಅಜ್ಜ ಎದೆ ಹಿಡ್ಕೊಂಡು ಬಿದ್ದುಬಿಟ್ಟರೇನೋ ಅಂತ ನಾನು ಕಿರುಚಿಕೊಂಡೆ. ಕೊನೆಗೆ ಪೋಸ್ಟ್ ಮಾಸ್ಟರ್ ಫೋನ್ ಎತ್ತಿ, “ಬಾರಯ್ಯ, ಆಸ್ಪತ್ರೆ ಫೋನು!” ಅಂತ ಕೂಗಿದ್ದು ಕೇಳಿಸಿತು.

ದೂರದಿಂದ ಅಜ್ಜನ ದನಿ: “ಉಂಡಂಡಿ ಸಾರ್, ವಸಿ ಇರಿ! ಆಯಮ್ಮ ಲೈನ್‌ನಾಗೇ ಇರು ಅಂದವ್ಳೆ. ನನ್ ಮುಂದೆ ಇನ್ನೂ ನಾಲ್ಕು ಜನ ಅವ್ರೆ!”

ಶಿರಾದ ಏಣಿ

ಶಿರಾದ ಜವಳಿ ಅಂಗಡಿ ಸಾಹುಕಾರರ ಬಳಿಗೆ ಪಕ್ಕದ ಮನೆಯವನು ಓಡಿ ಬಂದ. “ಭಾಯ್, ಜಲ್ದಿ ಮನೆಗೆ ನಡೀರಿ! ಯಾವನೋ ಬೆಳಿಗ್ಗೆಯಿಂದ ನಿಮ್ಮ ಮನೇಗೆ ಲೈನ್ ಹಾಕ್ತಾವ್ನೆ!”

ಮನೆಯಲ್ಲಿ ಮದುವೆ ವಯಸ್ಸಿನ ಮಗಳು. ಸಾಹುಕಾರರು ಬಟ್ಟೆ ಅಳೆಯೋ ಕಬ್ಬಿಣದ ಗಜವನ್ನೇ ಹಿಡಿದು ಓಡಿದರು. ಗೋಡೆಗೆ ಏಣಿ, ಏಣಿ ಮೇಲೆ ನಮ್ಮ ಇಲಾಖೆಯ ವೈರ್‌ಮನ್. ಏಣಿ ಅಲ್ಲಾಡಿಸಿ ಗುಡುಗಿದರು: “ಇಳಿಯೋ ಕೆಳಗೆ! ಎಷ್ಟು ದಿನದಿಂದ ನಡೀತೈತೆ ಇದು?”

ಅವನು ನಡುಗುತ್ತಾ, “ಇವತ್ತೇ ಶುರು ಸಾರ್... ನೀವು ಅರ್ಜಿ ಹಾಕಿ ಮೂರು ವರ್ಷ ಆಗಿತ್ತಲ್ಲ!”

ಪುರವರದ ಕಂಬ

ಪುರವರದಿಂದ ಕರೆಂಟಿನ ಲೈನ್‌ಮನ್ ಒಬ್ಬ ಸಬ್‌ಸ್ಟೇಷನ್ನಿಗೆ ಫೋನ್ ಕೇಳಿದ. ಬರೀ ಗೊರಗೊರ. ವೈರು ಕಿತ್ತು ಮತ್ತೆ ಚುಚ್ಚಿ, “ಹಾಂ, ಈಗ ಲೈನ್ ಕ್ಲಿಯರ್” ಅಂದೆ.

“ಕ್ಲಿಯರಾ? ಸರಿ ಕಣಕ್ಕ” ಅಂತ ಫೋನ್ ಇಟ್ಟೇಬಿಟ್ಟ.

ಅಷ್ಟರಲ್ಲಿ ಸಬ್‌ಸ್ಟೇಷನ್ನಿನವರು ಫೋನಿಗೆ ಬಂದರು. “ಪುರವರದೋನಿಗೆ ಲೈನ್ ಕ್ಲಿಯರ್ ಅಂದೆ, ಸರಿ ಅಂತ ಹೋದ” ಅಂದೆ.

“ಅಯ್ಯೋ! ನಮ್ಮಲ್ಲಿ ಲೈನ್ ಕ್ಲಿಯರ್ ಅಂದ್ರೆ ಕರೆಂಟ್ ತೆಗೆದಿದ್ದೀವಿ, ಕಂಬ ಹತ್ತು ಅಂತ ಕಣಮ್ಮ! ನಾನಿನ್ನೂ ತೆಗೆದೇ ಇಲ್ಲ!” ಅಂದವರೇ ಫೋನ್ ಬಿಸಾಕಿ ಕರೆಂಟ್ ತೆಗೆಯೋಕೆ ಓಡಿದರು.

ಪುರವರಕ್ಕೆ ಮತ್ತೆ ಮತ್ತೆ ಗಂಟೆ ಬಾರಿಸಿದೆ. ಅವನ ಹೆಂಡತಿ ಮಕ್ಕಳ ಮುಖ ನಾನು ಕಂಡವಳಲ್ಲ, ಆದರೂ ಕಣ್ಣ ಮುಂದೆ ಬಂದು ನಿಂತಂತಾಯಿತು. ಹತ್ತು ನಿಮಿಷ ಕಳೆದ ಮೇಲೆ ಅವನದೇ ದನಿ: “ಏನಕ್ಕ, ಕಂಬದಿಂದ ಇಳಿಯೋಕೂ ಬುಡಾಕಿಲ್ವಲ್ಲ! ವೈರು ಕಟ್ಟಿ ಆಯ್ತು.”

ನಾನು ಬಿಕ್ಕಿ ಬಿಕ್ಕಿ ಅತ್ತೆ. ಸಬ್‌ಸ್ಟೇಷನ್ನಿನವರು ಮತ್ತೆ ಫೋನಿಗೆ ಬಂದು ಏದುಸಿರು ಬಿಡುತ್ತಾ ಹೇಳಿದರು: “ನಾನು ಹೋಗೋಷ್ಟರಲ್ಲಿ ಮೇಲಿನ ಸ್ಟೇಷನ್ನಿಂದಲೇ ಕರೆಂಟ್ ಹೋಗಿತ್ತಮ್ಮ!”

ಆಮೇಲೆ ಕರೆಂಟ್ ಹೋದಾಗಲೆಲ್ಲ ಊರಿಗೆ ಊರೇ ಕರೆಂಟಿನವರಿಗೆ ಶಾಪ ಹಾಕುತ್ತಿದ್ದರೆ, ಆ ಲೈನ್‌ಮನ್ ಒಬ್ಬ ಮಾತ್ರ ಚಪ್ಪಲಿ ಬಿಟ್ಟು ಕಂಬಕ್ಕೆ ಕೈ ಮುಗಿಯುತ್ತಿದ್ದನಂತೆ.