ಚಿಟ್ಟೆಮೀನಿನ ಉಪವಾಸ

ಮೀನು ಕಂಡರೆ ಮೊದಲು ಮಸಾಲೆ ಅರೆಯುವ ವಂಶದಲ್ಲಿ ಹುಟ್ಟಿ, ಮೀನಿಗೇ ಊಟ ಬಡಿಸಲು ಹೊರಟ ಮಹಾನುಭಾವರು ನಮ್ಮ ಚಿಕ್ಕಪ್ಪ! ಈ ಸುದ್ದಿ ಮಲ್ಪೆಗೆ ಮುಟ್ಟಿದಾಗ, ಬಹರೈನಿನ ಬಿಸಿಲು ತಲೆಗೇರಿರಬೇಕೆಂದು ನಮ್ಮ ಹಿರಿಯರೆಲ್ಲ ಒಮ್ಮತದಿಂದ ತೀರ್ಮಾನಿಸಿದರಂತೆ.

ಎಂಬತ್ತರ ದಶಕದ ಆರಂಭ. ನಾನು ಬಹರೈನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ಜಿಂಜ್‌ನಲ್ಲಿದ್ದ ಚಿಕ್ಕಪ್ಪನ ಮನೆಯಲ್ಲೇ ಠಿಕಾಣಿ ಹೂಡಿದ್ದೆ. ಚಿಕ್ಕಪ್ಪ ಅವಾಲಿಯ ತೈಲ ಕಂಪನಿಯಲ್ಲಿ ಮೆಕ್ಯಾನಿಕ್. ಆ ಜೂನ್‌ನಲ್ಲಿ ಒಬ್ಬಳೇ ಮಗಳನ್ನು ಮಂಗಳೂರಿನ ಹಾಸ್ಟೆಲಿಗೆ ಸೇರಿಸಿ ಬಂದಿದ್ದರು. ಬಂದ ವಾರವೇ ಅವಳ ಕೋಣೆಯಲ್ಲೊಂದು ನಾಲ್ಕಡಿಯ ಗಾಜಿನ ತೊಟ್ಟಿ ಎದ್ದಿತು. ಒಳಗೆ ಮರಳು, ಹವಳದ ಕಲ್ಲು, ಪರಿಚಯದ ಅರಬ್ ಮೀನುಗಾರನೊಬ್ಬ ಕೊಟ್ಟ ಅಂಗೈಯಗಲದ ಹಳದಿ ಚಿಟ್ಟೆಮೀನು.

ಅದಕ್ಕೆ ಸಮುದ್ರದ ನೀರೇ ಆಗಬೇಕು! ಪ್ರತಿ ಶುಕ್ರವಾರ ಕಾರಿನಲ್ಲಿ ಎಂಟು ಕ್ಯಾನು ನೀರು ಬರುತ್ತಿತ್ತು. ಮೂರನೇ ಮಹಡಿಗೆ ಹೊರುವ ಪುಣ್ಯ ನನ್ನದು. ಒಮ್ಮೆ ವಾಚ್‌ಮನ್ ತಡೆಯಲಾರದೆ, "ಸಾಬ್, ನಲ್ಲಿಯಲ್ಲಿ ಬರುವುದೂ ಉಪ್ಪುನೀರೇ ಅಲ್ಲವಾ?" ಎಂದು ಹಿಂದಿಯಲ್ಲಿ ಕೇಳಿದ. ಚಿಕ್ಕಪ್ಪ ಅವನನ್ನು ಎಷ್ಟು ದುರುಗುಟ್ಟಿ ನೋಡಿದರೆಂದರೆ, ಆ ಬಡಪಾಯಿ ಒಂದು ವಾರ ನಮ್ಮ ಎದುರಿಗೇ ಬರಲಿಲ್ಲ.

ನೀರೇನೋ ಬಂತು, ಮೀನು ಬಾಯಿ ತೆರೆಯಬೇಕಲ್ಲ! ಒಣಸಿಗಡಿ ಪುಡಿ, ಮೊಟ್ಟೆಯ ಹಳದಿ, ಪಾಲಕ್, ಕೊನೆಗೆ ಇಡ್ಲಿ. ಏನು ಹಾಕಿದರೂ ಮುಖ ತಿರುಗಿಸಿ ಕಲ್ಲಿನ ಹಿಂದೆ ನಿಲ್ಲುತ್ತಿತ್ತು. ಚಿಕ್ಕಪ್ಪ ಬಟ್ಟಲು ಹಿಡಿದು ತೊಟ್ಟಿಯೆದುರು ಕುಳಿತು, "ನೋಡು, ಹೀಗೆ!" ಎಂದು ತಾವೇ ಅಗಿದು ತೋರಿಸುವುದೂ ಆಯಿತು. ಮೀನು ಕಲಿಯಲಿಲ್ಲ, ಚಿಕ್ಕಪ್ಪನ ಹೊಟ್ಟೆ ಮಾತ್ರ ಮುಂದೆ ಬಂತು.

ಮನೆಯಲ್ಲಿ ಬಂಗುಡೆ ಮೀನಿನ ಗಸಿ ಆದ ದಿನ ತೊಟ್ಟಿಗೆ ಬೆಡ್‌ಶೀಟಿನ ಪರದೆ!

"ಅದಕ್ಕೆ ಬೇಜಾರಾಗುದಿಲ್ವಾ ಮಾರಾಯ್ತಿ?" ಎಂದು ಚಿಕ್ಕಪ್ಪನ ಸಮರ್ಥನೆ.

"ನಾಲ್ಕನೇ ತುಂಡು ಹಾಕಿಸ್ಕೊಳ್ಳುವಾಗ ನಿಮಗೆ ಬೇಜಾರಾಗ್ಲಿಲ್ವಾ?" ಎಂದರು ಚಿಕ್ಕಮ್ಮ.

ಅದೇ ವಾರ ಮಗಳ ಪತ್ರ ಬಂತು. ಹಾಸ್ಟೆಲಿನ ಊಟ ಬಾಯಿಗೆ ಸೇರುವುದಿಲ್ಲ, ಬರೀ ಬಿಸ್ಕೆಟ್ ತಿಂದುಕೊಂಡಿದ್ದೇನೆ ಎಂದು ಬರೆದಿದ್ದಳು. ಚಿಕ್ಕಪ್ಪ ಅದನ್ನು ಎರಡು ಸಲ ಓದಿ, ಮೀನಿಗೆಂದು ಸಿಗಡಿ ಹೆಚ್ಚಲು ಕುಳಿತರು.

ಹತ್ತು ದಿನಕ್ಕೆ ಮೀನಿನ ಹೊಟ್ಟೆ ಒಳಗೆ ಸೇರಿತು, ಹಳದಿ ಬಣ್ಣ ಮಂಕಾಯಿತು. ಚಿಕ್ಕಪ್ಪ ಕೆಲಸದ ಜಾಗದಿಂದ ದಿನಾ ಫೋನ್ ಮಾಡಿ "ತಿಂದಿತಾ?" ಎಂದು ಕೇಳುತ್ತಿದ್ದರು. ಕಡೆಗೆ ಒಂದು ದಿನ, "ಶುಕ್ರವಾರವೂ ತಿನ್ನದಿದ್ರೆ ವಾಪಸು ಸಮುದ್ರಕ್ಕೆ ಬಿಡುದು. ಇಲ್ಲಿಟ್ಟು ಸಾಯಿಸ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದರು.

ಶುಕ್ರವಾರ ಬೆಳಿಗ್ಗೆ, ಹೊಸ ನೀರಿಗಾದರೂ ಬಾಯಿ ತೆರೆದೀತೆಂದು ಕ್ಯಾನು ಹಿಡಿದು ಹೊರಟಾಗ ಚಿಕ್ಕಮ್ಮನೂ ನಮ್ಮೊಂದಿಗೆ ಸಮುದ್ರಕ್ಕೆ ಬಂದರು. ನೀರಿಳಿದಿತ್ತು. ನಾವು ಕ್ಯಾನು ತುಂಬಿಸುವಷ್ಟರಲ್ಲಿ ಅವರು ಮರಳು ಕೆದಕಿ ಒಂದು ಚೀಲ ಮರುವಾಯಿ ಚಿಪ್ಪು ಹೆಕ್ಕಿದ್ದರು. ಊರಿನ ಹೆಂಗಸಿನ ಕಣ್ಣಿಗೆ ಚಿಪ್ಪು ಬಿದ್ದರೆ ಬಿಟ್ಟಾರೆಯೇ! ಮನೆಗೆ ಬಂದು ಮೆಟ್ಟುಕತ್ತಿಯ ಮುಂದೆ ಕುಳಿತು, ನಮ್ಮ ಕಡೆಯ ಕ್ರಮದಂತೆ ಒಂದೊಂದನ್ನೇ ಸೀಳಿ, ಖಾಲಿ ಹೋಳನ್ನು ಎಸೆದು, ಮಾಂಸ ಅಂಟಿದ ಹೋಳನ್ನು ಸುಕ್ಕ ಪಲ್ಯಕ್ಕೆಂದು ಪಾತ್ರೆಗೆ ಹಾಕುತ್ತಿದ್ದರು. ಒಳಗೆ ಚಿಕ್ಕಪ್ಪ, ಹೊಸ ನೀರಿಗೂ ಬಾಯಿ ತೆರೆಯದ ಮೀನನ್ನು ಒಯ್ಯಲು ಬಕೆಟ್ ತೊಳೆಯುತ್ತಿದ್ದರು. ಆ ಸದ್ದು ಕೇಳಿ ಚಿಕ್ಕಮ್ಮನಿಗೆ ಏನನ್ನಿಸಿತೋ, ಎದ್ದು ಹೋಗಿ ಒಂದು ಹಸಿ ಹೋಳನ್ನು ತೊಟ್ಟಿಗೆ ಹಾಕಿದರು.

"ಮರುವಾಯಿಯೂ ಬೇಡವಾ ನಿಂಗೆ? ಅಷ್ಟು ದೊಡ್ಡ ಜನವಾ?"

ಮೀನು ಕಲ್ಲಿನ ಹಿಂದಿನಿಂದ ಹೊರಬಂತು. ಆಚೆಯಿಂದ ನೋಡಿತು, ಈಚೆಯಿಂದ ನೋಡಿತು. ಮೆಲ್ಲಗೆ ಒಮ್ಮೆ ಕುಕ್ಕಿತು. ಮತ್ತೊಮ್ಮೆ. ಆಮೇಲೆ ಬಿಡಲೇ ಇಲ್ಲ! ಕಲ್ಲಿಗೆ ಅಂಟಿದ್ದನ್ನು ಕುಕ್ಕಿಯೇ ಬದುಕುವ ಜಾತಿಗೆ ನಾವು ಇಷ್ಟು ದಿನ ತೇಲುವ ಊಟ ಬಡಿಸಿದ್ದೆವು.

ಚಿಕ್ಕಪ್ಪ ಕುಣಿಯುತ್ತಾರೆಂದುಕೊಂಡೆ. ಅವರು ಮಗಳ ಮಂಚದ ಮೇಲೆ ಕುಳಿತು ಅಳತೊಡಗಿದರು.

"ತಿಂದಿತು ನೋಡು ಮಾರಾಯ್ತಿ. ಹೊಸ ಜಾಗ, ಸ್ವಲ್ಪ ದಿನ ಬೇಕಾಯ್ತು" ಎಂದವರು ಕಣ್ಣೊರೆಸಿಕೊಂಡು ಕೇಳಿದರು, "ಅವಳೂ ಇವತ್ತು ಉಂಡಿರ್ಬಹುದು, ಅಲ್ವಾ?"

ಚಿಕ್ಕಮ್ಮ ಒದ್ದೆ ಕೈಯಲ್ಲೇ ಅವರ ಭುಜ ಹಿಡಿದುಕೊಂಡು, "ಉಂಡಿರ್ತಾಳೆ" ಎಂದರು.